ರಂಗಕ್ಕೆ ಅಂಜಿದ ನಗೆಗಾರ: ಚಾರ್ಲಿ ಚಾಪ್ಲಿನ್

ನಾಲ್ಕು ಮಂದಿಯ ಮುಂದೆ ನಿಂತು ಅವರನ್ನು ನಗಿಸುವುದು ಸುಲಭದ ಮಾತಲ್ಲ. ಅಳಿಸಲು ಬಂದವನು ಸೋತರೆ ಸಭೆ ಸುಮ್ಮನಿದ್ದೀತು. ನಗಿಸಲು ಬಂದವನು ಸೋತರೆ ಸಭೆಗೆ ಆತನೇ ನಗೆಪಾಟಲು. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ಸಂಘದ ವಾರ್ಷಿಕೋತ್ಸವದ ದಿನ ವೇದಿಕೆಯ ಮೆಟ್ಟಿಲವರೆಗೆ ಬಂದು ಕಾಲು ನಡುಗಿ ಹಿಂದಿರುಗುವ ತರುಣರನ್ನು ನಾವು ಬಲ್ಲೆವು. ಅಂಥವರಿಗಾಗಿಯೇ ಚಾರ್ಲಿ ಚಾಪ್ಲಿನ್ನನ ಜೀವನದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ. ಜಗತ್ತನ್ನೇ ನಗಿಸಿದ ಆತನೂ ಒಮ್ಮೆ ರಂಗದಿಂದ ಓಡಿಹೋದವನೇ.

ಚಾರ್ಲಿ ಜನಿಸಿದುದು 1889ರ ಏಪ್ರಿಲ್ 16ರಂದು. ತಂದೆತಾಯಿಗಳಿಬ್ಬರೂ ಇಂಗ್ಲೆಂಡಿನ ವಿನೋದಶಾಲೆಗಳಲ್ಲಿ ಹಾಡಿ ಬದುಕುತ್ತಿದ್ದರು. 1894ರಲ್ಲಿ ಆಲ್ಡರ್‌ಶಾಟ್ ಎಂಬ ಸೈನಿಕರ ಊರಿನಲ್ಲಿ ಹಾಡುತ್ತಿದ್ದಾಗ ತಾಯಿಯ ಕಂಠ ಒಡೆಯಿತು, ಸಭೆಯಲ್ಲಿ ಗದ್ದಲವೆದ್ದಿತು. ವ್ಯವಸ್ಥಾಪಕನು ಐದು ವರ್ಷದ ಮಗನನ್ನೇ ಕೈಹಿಡಿದು ತಂದು ನಿಲ್ಲಿಸಿದನು. ಮಗು ಹಾಡಿತು, ನಾಣ್ಯಗಳ ಮಳೆ ಸುರಿಯಿತು. ಹಾಡನ್ನು ನಡುವೆಯೇ ನಿಲ್ಲಿಸಿ, ಮೊದಲು ದುಡ್ಡು ಆಯ್ದುಕೊಂಡು ಬಳಿಕ ಹಾಡುವೆನೆಂದು ಅದು ಸಾರಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಸಭಾಕಂಪವೆಂದರೇನೆಂದು ಆ ವಯಸ್ಸಿಗೆ ತಿಳಿಯದು.

ಅಂಜಿಕೆಯನ್ನು ಕಲಿಸಿದುದು ಬಡತನ. 1896ರಲ್ಲಿ ತಾಯಿಮಕ್ಕಳು ನಿರ್ಗತಿಕರ ಆಶ್ರಯಶಾಲೆಯನ್ನು ಸೇರಬೇಕಾಯಿತು. ಮುಂದೆ ತಾಯಿಗೆ ಚಿತ್ತಭ್ರಮೆ ತಗಲಿತು. 1901ರಲ್ಲಿ ತಂದೆ ಕುಡಿತಕ್ಕೆ ಬಲಿಯಾದನು. ಚಾರ್ಲಿ ಅಂಗಡಿಯ ಆಳಾದನು, ವೈದ್ಯರ ಮನೆಯ ಹುಡುಗನಾದನು, ಅಚ್ಚುಕೂಟದಲ್ಲಿ ದುಡಿದನು. ಓದು ಹಿಂದೆ ಬಿದ್ದಿತು. 1903ರಲ್ಲಿ ನಾಟಕವೊಂದರ ಬಾಲಪಾತ್ರ ದೊರೆತಾಗ, ಅಲ್ಲಿಯೇ ಓದಿ ತೋರಿಸೆಂದು ಎಲ್ಲಿ ಹೇಳಿಬಿಡುವರೋ ಎಂದು ಆತ ಬೆದರಿದನು. ಅಣ್ಣ ಸಿಡ್ನಿ ಓದಿ ಹೇಳಿಕೊಡಲು, ಮೂವತ್ತೈದು ಪುಟಗಳ ಪಾತ್ರವನ್ನು ಮೂರೇ ದಿನಗಳಲ್ಲಿ ಬಾಯಿಪಾಠ ಮಾಡಿದನು.

ಹದಿಹರೆಯದಲ್ಲಿ ಒಬ್ಬನೇ ನಿಂತು ನಗಿಸುವ ಹಂಬಲ ಹುಟ್ಟಿತು. ಲಂಡನ್ನಿನ ಮೈಲ್ ಎಂಡ್ ಭಾಗದ ಫಾರೆಸ್ಟರ್ಸ್ ವಿನೋದಶಾಲೆಯಲ್ಲಿ, ಸಂಬಳವಿಲ್ಲದೆ ಒಂದು ವಾರ ಪರೀಕ್ಷೆಗೆ ಒಪ್ಪಿದನು. ಯೆಹೂದ್ಯ ವಿದೂಷಕನ ವೇಷ ಹಾಕಿ, ಅಮೆರಿಕದ ನಗೆಪುಸ್ತಕವೊಂದರಿಂದ ಎತ್ತಿದ ಹಳಸಲು ಚಟಾಕಿಗಳನ್ನು ಹಾರಿಸತೊಡಗಿದನು. ಕೇಳುತ್ತಿದ್ದವರಲ್ಲಿ ಬಹುಮಂದಿ ಯೆಹೂದ್ಯರೇ. ತನ್ನ ಮಾತು ಅವರನ್ನೇ ಹೀಯಾಳಿಸುತ್ತಿದೆಯೆಂಬ ಅರಿವು ಹುಡುಗನಿಗಿರಲಿಲ್ಲ. ಎರಡು ಚಟಾಕಿ ಮುಗಿಯುವಷ್ಟರಲ್ಲಿ ನಾಣ್ಯಗಳೂ ಕಿತ್ತಳೆಯ ಸಿಪ್ಪೆಗಳೂ ತೂರಿಬಂದವು. ಆಲ್ಡರ್‌ಶಾಟಿನಲ್ಲಿ ಪ್ರೀತಿಯಿಂದ ಬಿದ್ದ ನಾಣ್ಯ ಇಲ್ಲಿ ತಿರಸ್ಕಾರದಿಂದ ಬಿದ್ದಿತು. ಚಾರ್ಲಿ ಒಳಗೋಡಿ, ಬಣ್ಣ ಒರೆಸಿಕೊಂಡು ಹೊರಬಿದ್ದನು. ಬಿಟ್ಟುಬಂದ ಸಂಗೀತದ ಪುಸ್ತಕಗಳಿಗಾಗಿಯೂ ಅತ್ತ ಮತ್ತೆ ಸುಳಿಯಲಿಲ್ಲ. ಆ ಗಾಯದ ಕಲೆ ಕೊನೆಯವರೆಗೂ ಮಾಸಲಿಲ್ಲ.

ಆದರೆ ಆತ ರಂಗವನ್ನು ತೊರೆಯಲಿಲ್ಲ. ತನ್ನ ಸೋಲನ್ನು ಪರೀಕ್ಷಿಸಿದನು. ಸಭೆಯೊಡನೆ ನೇರವಾಗಿ ಮಾತಾಡಿ ಸಲಿಗೆ ಬೆಳೆಸುವ ಕಲೆ ತನ್ನದಲ್ಲ, ಪಾತ್ರವೊಂದರ ಮರೆಯಲ್ಲಿ ನಿಂತು ನಗಿಸುವುದೇ ತನ್ನ ದಾರಿ ಎಂದು ಕಂಡುಕೊಂಡನು. 1908ರಲ್ಲಿ ಅಣ್ಣನ ಪ್ರಯತ್ನದಿಂದ ಫ್ರೆಡ್ ಕಾರ್ನೋನ ತಂಡದಲ್ಲಿ ಎರಡು ವಾರಗಳ ಪರೀಕ್ಷೆ ದೊರಕಿತು. ಬಿಳಿಚಿದ ಮುಖದ ಈ ಪುಟ್ಟ ಯುವಕನಲ್ಲಿ ಕಾರ್ನೋಗೆ ನಂಬಿಕೆ ಸಾಲದು. ಲಂಡನ್ನಿನ ಕಾಲಿಸಿಯಂನಲ್ಲಿ ತೆರೆ ಏಳುವ ಮುನ್ನ ಚಾರ್ಲಿ ರಂಗದ ಹಿಂಬದಿಯಲ್ಲಿ ಅತ್ತಿಂದಿತ್ತ ನಡೆಯುತ್ತ ದೇವರನ್ನು ನೆನೆಯುತ್ತಿದ್ದನು. ಬಳಿಕ ಸಭೆಗೆ ಬೆನ್ನುಮಾಡಿ ಪ್ರವೇಶಿಸಿದನು. ಹಿಂದಿನಿಂದ ಕಂಡರೆ ಉದ್ದ ಕೋಟಿನ, ಎತ್ತರದ ಹ್ಯಾಟಿನ, ಬೆತ್ತ ಹಿಡಿದ ಗೃಹಸ್ಥ. ಥಟ್ಟನೆ ತಿರುಗಿದರೆ ಕೆಂಪು ಮೂಗು! ಸಭೆ ನಕ್ಕಿತು. ಆ ಒಂದು ನಗೆ ಆತನ ಮೈಯ ಬಿಗಿತವನ್ನು ಸಡಿಲಿಸಿತು, ಮುಂದಿನದೆಲ್ಲ ಸಲೀಸಾಯಿತು.

ಅಂಜಿಕೆ ಅಂದಿಗೇ ತೊಲಗಿತೆಂದು ವಾಚಕರು ಭಾವಿಸಬಾರದು. 1913ರ ಕೊನೆಯಲ್ಲಿ, ವಾರಕ್ಕೆ 150 ಡಾಲರು ವೇತನದ ಮೇಲೆ ಅಮೆರಿಕದ ಕೀಸ್ಟೋನ್ ಚಿತ್ರಸಂಸ್ಥೆಗೆ ಹೋದಾಗ, ನಟನಟಿಯರ ಗುಂಪನ್ನು ಕಂಡು ಸಂಕೋಚಪಟ್ಟು ಬಾಗಿಲಿನಿಂದಲೇ ಹಿಂದಿರುಗಿದನು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಯಜಮಾನ ಸೆನೆಟ್ಟನೇ ದೂರವಾಣಿಯಲ್ಲಿ ವಿಚಾರಿಸಿದ ಮೇಲೆ ಒಳಹೊಕ್ಕನು. 1914ರ ಫೆಬ್ರುವರಿಯಲ್ಲಿ ಬಿಗಿ ಕೋಟು, ದೊಗಳೆ ಷರಾಯಿ, ದೊಡ್ಡ ಬೂಟುಗಳ ಆ ಅಲೆಮಾರಿ ತೆರೆಯ ಮೇಲೆ ಕಾಣಿಸಿಕೊಂಡನು. ತುಟಿ ಬಿಚ್ಚದೆಯೇ ಎಲ್ಲ ದೇಶಗಳ ಜನರನ್ನೂ ನಗಿಸಿದನು. 1977ರ ಡಿಸೆಂಬರ್ 25ರಂದು ಸ್ವಿಟ್ಜರ್ಲೆಂಡಿನಲ್ಲಿ ಆತ ಕಣ್ಣುಮುಚ್ಚಿದಾಗ ವಯಸ್ಸು 88.

ಧೈರ್ಯವೆಂದರೆ ಕಾಲು ನಡುಗದಿರುವುದಲ್ಲ, ನಡುಗುವ ಕಾಲಿನಿಂದಲೇ ಮೆಟ್ಟಿಲನ್ನು ಏರುವುದು ಎಂದು ಈ ಜೀವನದಿಂದ ನಾವು ಅರಿಯುತ್ತೇವೆ. ಎರವಲು ತಂದ ಮಾತು ಚಾರ್ಲಿಯ ಕೈಬಿಟ್ಟಿತು. ತನ್ನದೇ ನಡೆ, ತನ್ನದೇ ನೋಟ, ತಾನುಂಡ ಕಷ್ಟ ಇವು ಆತನನ್ನು ಎತ್ತಿ ಹಿಡಿದವು. ದಿನವೂ ನೂರಾರು ಮಂದಿಯ ಮುಖ ಕಂಡು ದುಡಿಯುವ ನಮ್ಮ ತರುಣರಿಗೆ ಅಂಥ ಸ್ವಂತ ಸಾಮಗ್ರಿಯ ಕೊರತೆಯೇನೂ ಇಲ್ಲ. ಮೊದಲ ಸಲ ಸಿಪ್ಪೆ ಬಿದ್ದರೂ ಬೀಳಲಿ. ಎರಡನೆಯ ಸಲ ಮೆಟ್ಟಿಲೇರುವುದನ್ನು ಬಿಡದಿರಲಿ.