ಮೂರನೇ ಕೋಟ್ ವಾರ್ನಿಷ್: ಲೆಗೊ ಕಟ್ಟಿದ ಬಡಗಿಯ ಬದುಕು

ಡೆನ್ಮಾರ್ಕಿನಲ್ಲಿ ವಾರಾಂತ್ಯದ ಹಳೇ ಸಾಮಾನಿನ ಸಂತೆ. ಯಾರದೋ ಅಟ್ಟದಿಂದ ಇಳಿದು ಬಂದ ರಟ್ಟಿನ ಡಬ್ಬಿಯೊಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು. ಅದರ ಮುಂದೆ ಮಂಡಿಯೂರಿ ಕೂತು ಕೈಯಾಡಿಸ್ತಿರೋದು ಮಗುವಲ್ಲ, ನಲವತ್ತು ದಾಟಿದ ಮನುಷ್ಯ. ಡಬ್ಬಿಯ ಒಡತಿಗೆ ಮನೆ ಖಾಲಿಯಾದರೆ ಸಾಕು, ತೂಕಕ್ಕೆ ಹಾಕಿ ಕೊಡೋಕೂ ತಯಾರು. ಇವನಿಗೆ ಗೊತ್ತು, ಅಡಿಯಲ್ಲೆಲ್ಲೋ 1978ರ ಸುಮಾರಿನ ಪುಟ್ಟ ಗೊಂಬೆ ಸಿಕ್ಕರೂ ಸಿಗಬಹುದು, ಈಗ ಬಾರದ ಬಣ್ಣದ ತುಂಡೊಂದು ಸಿಗಬಹುದು. ಚೌಕಾಸಿ ಮಾಡಿ, ಡಬ್ಬಿ ಹೊತ್ತು, ಮನೆಗೆ ಹೋಗಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬಣ್ಣಕ್ಕೊಂದು ರಾಶಿ ಮಾಡಿಡ್ತಾನೆ.

ಇಲ್ಲೊಂದು ವಿಚಿತ್ರ ಇದೆ. 1958ರ ವಿನ್ಯಾಸದ ಇಟ್ಟಿಗೆಯ ಮೇಲೆ ನಿನ್ನೆ ಕಾರ್ಖಾನೆಯಿಂದ ಬಂದ ಇಟ್ಟಿಗೆ ಇಟ್ಟು ಒತ್ತಿದರೆ ಟಕ್ ಅಂತ ಕೂರುತ್ತೆ. ಮೂರು ವರ್ಷದ ಹಿಂದಿನ ಫೋನಿಗೆ ಚಾರ್ಜರ್ ಹುಡುಕೋಕೆ ಒದ್ದಾಡುವ ನಮ್ಮ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಳೆಯದು ಹೊಸದಕ್ಕೆ ಹೊಂದಿಕೊಳ್ಳುತ್ತೆ ಅನ್ನೋ ಒಂದೇ ಕಾರಣಕ್ಕೆ ಲೆಗೊದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇಷ್ಟು ಜೀವಂತವಾಗಿದೆ. ಈ ಗುಣ ಎಲ್ಲಿಂದ ಬಂತು ಅಂತ ಹುಡುಕಿದರೆ ಒಬ್ಬ ಬಡಗಿಯ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತೆ.

ಹತ್ತನೇ ಮಗು

ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಹುಟ್ಟಿದ್ದು 1891ರ ಏಪ್ರಿಲ್ 7ರಂದು, ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತ್ಯದ ಫಿಲ್ಸ್ಕೋವ್ ಅನ್ನೋ ಹಳ್ಳಿಯಲ್ಲಿ. ಬಡ ಕುಟುಂಬದ ಹತ್ತನೇ ಮಗು. ಚಿಕ್ಕಂದಿನಲ್ಲೇ ದನ-ಕುರಿ ಕಾಯುವ ಕೆಲಸ. ಆಮೇಲೆ ಅಣ್ಣನ ಕೈಕೆಳಗೆ ಬಡಗಿ ಕೆಲಸ ಕಲಿತರು, ಜರ್ಮನಿ ಮತ್ತು ನಾರ್ವೆಗೆ ಹೋಗಿ ದುಡಿದರು. 1916ರಲ್ಲಿ ವಾಪಸ್ ಬಂದು, ಕೂಡಿಟ್ಟ ಹಣದಲ್ಲಿ ಬಿಲ್ಲುಂಡ್ ಅನ್ನೋ ಊರಲ್ಲಿ ಒಂದು ಮರಗೆಲಸದ ಅಂಗಡಿ ಕೊಂಡರು. ಬಿಲ್ಲುಂಡ್ ಆಗ ಬಯಲಿನ ನಡುವಿನ ಪುಟ್ಟ ಹಳ್ಳಿ. ಸುತ್ತಲಿನ ರೈತರಿಗೆ ಕಿಟಕಿ, ಬಾಗಿಲು, ಮನೆ ಮಾಡಿಕೊಡೋದು ಇವರ ಕಸುಬು.

1924ರಲ್ಲಿ ಇಬ್ಬರು ಪುಟ್ಟ ಗಂಡುಮಕ್ಕಳು ಅಂಗಡಿಯೊಳಗೆ ಆಡ್ತಾ ಮರದ ಹೊಟ್ಟಿಗೆ ಬೆಂಕಿ ತಗುಲಿಸಿಬಿಟ್ಟರು. ಅಂಗಡಿ, ಪಕ್ಕದ ಮನೆ ಎರಡೂ ಬೂದಿ. ಓಲೆ ಕಿರ್ಕ್ ಮೊದಲಿಗಿಂತ ದೊಡ್ಡದಾಗಿಯೇ ಕಟ್ಟಡ ಎಬ್ಬಿಸಿದರು. ಆದರೆ ಮುಂದೆ ಬಂದದ್ದು ನೀರು ಹಾಕಿ ಆರಿಸುವಂಥ ಬೆಂಕಿ ಆಗಿರಲಿಲ್ಲ.

ಸಾಲ, ಸಾವು, ಯೋಯೋ

1929ರಲ್ಲಿ ಅಮೆರಿಕದಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತ ಕೆಲವೇ ವರ್ಷದಲ್ಲಿ ಡೆನ್ಮಾರ್ಕಿನ ರೈತರ ಕತ್ತು ಹಿಡಿಯಿತು. ಬೆಳೆದದ್ದಕ್ಕೆ ಬೆಲೆಯಿಲ್ಲದ ರೈತ ಮನೆ ಕಟ್ಟಿಸುತ್ತಾನಾ? ಬಡಗಿಗೆ ಕೆಲಸವೇ ಇಲ್ಲದಂತಾಯಿತು. ಜೊತೆಗಿದ್ದ ಕೆಲಸಗಾರರನ್ನು ಬಿಡಬೇಕಾಯಿತು. ಅದೇ 1932ರಲ್ಲಿ ಹೆಂಡತಿ ಕ್ರಿಸ್ಟೀನ್ ತೀರಿಕೊಂಡರು. ಮನೆಯಲ್ಲಿ ನಾಲ್ಕು ಗಂಡುಮಕ್ಕಳು, ತಲೆಯ ಮೇಲೆ ಸಾಲ.

ದೊಡ್ಡ ಸಾಮಾನು ಯಾರೂ ಕೊಳ್ಳೋಲ್ಲ ಅಂದ ಮೇಲೆ ಓಲೆ ಕಿರ್ಕ್ ಸಣ್ಣ ಸಾಮಾನಿಗೆ ಇಳಿದರು. ಏಣಿ, ಇಸ್ತ್ರಿ ಹಲಗೆ, ಜೊತೆಗೆ ಮರದ ಆಟಿಕೆ. ಆಟಿಕೆ ಮಾಡುವ ಬಡಗಿಯನ್ನು ಆಗ ಯಾರೂ ಗಂಭೀರವಾಗಿ ತಗೊಳ್ತಿರಲಿಲ್ಲ. ಸಾಲಕ್ಕಾಗಿ ಒಡಹುಟ್ಟಿದವರ ಮುಂದೆ ನಿಂತಾಗ ಅವರು ನೆರವಾದರು ನಿಜ, ಆದರೆ ಇದಕ್ಕಿಂತ ಉಪಯೋಗವಿರೋ ಕೆಲಸ ಯಾವುದೂ ಸಿಗಲಿಲ್ವಾ ಅನ್ನೋ ಅಸಮಾಧಾನವನ್ನೂ ತೋರಿಸಿದರು. ಗಿರಾಕಿಗಳ ಹತ್ತಿರ ಕಾಸಿಲ್ಲದಾಗ ದವಸ, ಊಟದ ಸಾಮಾನು ತಗೊಂಡು ಆಟಿಕೆ ಕೊಟ್ಟದ್ದೂ ಉಂಟು.

ಈ ಹೊತ್ತಿಗೇ ಯೋಯೋ ಹುಚ್ಚು ಹಬ್ಬಿತು. ಬಿಡುವಿಲ್ಲದೆ ಯೋಯೋ ಮಾಡಿದರು. ಹುಚ್ಚು ಬಂದಷ್ಟೇ ಬೇಗ ಇಳಿದು, ಮಾರಾಟವಾಗದ ಯೋಯೋಗಳು ರಾಶಿ ಬಿದ್ದವು. ಓಲೆ ಕಿರ್ಕ್ ಅವನ್ನು ಎಸೆಯಲಿಲ್ಲ. ನಡುವೆ ಸೀಳಿ ಎರಡು ಮಾಡಿ ಆಟಿಕೆ ಗಾಡಿಗಳಿಗೆ ಚಕ್ರ ಹಾಕಿದರು. ಬೇಡವಾದದ್ದನ್ನು ಬಿಚ್ಚಿ ಇನ್ನೊಂದು ಮಾಡೋದು ಅಂದರೆ ಲೆಗೊ ಆಟವೇ ತಾನೆ? ಪ್ಲಾಸ್ಟಿಕ್ ಇಟ್ಟಿಗೆ ಹುಟ್ಟೋಕೆ ಒಂದೂವರೆ ದಶಕ ಮೊದಲೇ ಆ ಆಟವನ್ನ ಹಸಿವು ಕಲಿಸಿತ್ತು.

1934ರಲ್ಲಿ ಅಂಗಡಿಗೊಂದು ಹೆಸರು ಬೇಕಾಯಿತು. ಕೆಲಸಗಾರರ ನಡುವೆಯೇ ಸ್ಪರ್ಧೆ ಇಟ್ಟರು. ಬಹುಮಾನ, ಮನೆಯಲ್ಲೇ ಮಾಡಿದ ಒಂದು ಬಾಟಲಿ ವೈನ್. ಕೊನೆಗೆ ಗೆದ್ದದ್ದು ಓಲೆ ಕಿರ್ಕ್ ತಾವೇ ಕೊಟ್ಟ ಹೆಸರು. ಚೆನ್ನಾಗಿ ಆಡು ಅನ್ನೋ ಅರ್ಥದ ಡ್ಯಾನಿಶ್ ಪದಗಳಾದ ಲೆಗ್ ಮತ್ತು ಗಾಟ್ ಎರಡನ್ನೂ ಕತ್ತರಿಸಿ ಜೋಡಿಸಿದ ಲೆಗೊ. ಅದೇ ವರ್ಷ ಸೋಫಿ ಅವರೊಂದಿಗೆ ಎರಡನೇ ಮದುವೆಯೂ ಆಯಿತು.

ಬಾತುಕೋಳಿಯ ಪಾಠ

ಲೆಗೊ ಕುಟುಂಬದವರು ಇವತ್ತಿಗೂ ಹೇಳಿಕೊಳ್ಳುವ ಒಂದು ಕತೆ ಇದೆ. ಎಳೆದುಕೊಂಡು ಹೋಗುವ ಮರದ ಬಾತುಕೋಳಿಗೆ ಮೂರು ಕೋಟ್ ವಾರ್ನಿಷ್ ಬಳಿಯೋದು ರೂಢಿ. ಹದಿಹರೆಯದ ಮಗ ಗಾಟ್‌ಫ್ರೆಡ್ ಒಂದು ದಿನ ಎರಡೇ ಕೋಟ್ ಬಳಿದು, ಡಬ್ಬಿ ಕಟ್ಟಿ, ರೈಲ್ವೆ ಸ್ಟೇಷನ್ನಿಗೆ ಸಾಗಿಸಿ ಬಂದ. ಖರ್ಚು ಉಳಿಸಿದೆ ಅಂತ ಅಪ್ಪನ ಮುಂದೆ ಹೆಮ್ಮೆಯಿಂದ ಹೇಳಿಕೊಂಡ. ಅಪ್ಪ ಶಹಬ್ಬಾಸ್ ಅನ್ನಲಿಲ್ಲ. ವಾಪಸ್ ಹೋಗಿ ಅಷ್ಟೂ ಬಾತುಗಳನ್ನು ತಂದು, ಮೂರನೇ ಕೋಟ್ ಬಳಿದು, ಅವನೊಬ್ಬನೇ ರಾತ್ರಿ ಕೂತು ಮುಗಿಸಿ ಮತ್ತೆ ಸ್ಟೇಷನ್ನಿಗೆ ಮುಟ್ಟಿಸಬೇಕು ಅಂದರು.

ಮಕ್ಕಳಿಗೆ ಕೊಡುವಾಗ ಅತ್ಯುತ್ತಮವಾದದ್ದೂ ಹೆಚ್ಚಾಗೋಲ್ಲ ಅನ್ನೋದು ಓಲೆ ಕಿರ್ಕ್ ನಂಬಿಕೆ. ಆ ಅರ್ಥದ ಮಾತನ್ನು ಮುಂದೆ ಅದೇ ಮಗ ಮರದ ಮೇಲೆ ಕೆತ್ತಿ ಕಾರ್ಖಾನೆಯ ಗೋಡೆಗೆ ತೂಗುಹಾಕಿದ.

ಕಂಪನಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕತೆಗಳನ್ನು ಒಂದಿಷ್ಟು ಅನುಮಾನದಿಂದಲೇ ಕೇಳಬೇಕು. ಆದರೂ ಈ ಕತೆಗೆ ಸಾಕ್ಷಿ ಸಂತೆಯ ಡಬ್ಬಿಯಲ್ಲಿ ಸಿಗುತ್ತೆ. ಐವತ್ತು ವರ್ಷದ ಹಿಂದಿನ ತುಂಡು ಇವತ್ತೂ ಕಚ್ಚಿಕೊಂಡು ಕೂರುತ್ತೆ ಅಂದರೆ, ಅವತ್ತು ಯಾರೋ ಎರಡನೇ ಕೋಟಿಗೆ ನಿಲ್ಲಿಸಲಿಲ್ಲ ಅಂತಲೇ ಅರ್ಥ.

ಬೇರೆಯವರ ಇಟ್ಟಿಗೆ

1939ರಲ್ಲೂ ಲೆಗೊದಲ್ಲಿದ್ದದ್ದು 10 ಜನ ಕೆಲಸಗಾರರು. ನಾಜಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಿದ್ದ 1942ರಲ್ಲಿ ಕಾರ್ಖಾನೆ ಮತ್ತೆ ಸುಟ್ಟಿತು. ಈ ಸಲ ಆಟಿಕೆಗಳ ಮಾದರಿ, ನಕ್ಷೆಗಳೂ ಹೋದವು. ಓಲೆ ಕಿರ್ಕ್ ಮತ್ತೆ ಕಟ್ಟಿದರು. ಯುದ್ಧ ಮುಗಿದ ಮೇಲೆ 30,000 ಕ್ರೋನರ್ ಕೊಟ್ಟು ಬ್ರಿಟನ್ನಿನ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಕೊಂಡರು. ಮರದಲ್ಲೇ ಬದುಕು ಕಟ್ಟಿದ ಬಡಗಿ ಪ್ಲಾಸ್ಟಿಕ್ ಕಡೆ ಹೊರಳಿದ್ದು ಮನೆಯವರಿಗೂ ಅಷ್ಟು ಹಿಡಿಸಲಿಲ್ಲ.

ಯಂತ್ರದ ವ್ಯವಹಾರದ ಜೊತೆಗೇ ಇನ್ನೊಂದು ವಸ್ತು ಅವರ ಕೈಗೆ ಬಂತು. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ತಮ್ಮ ಕಿಡ್ಡಿಕ್ರಾಫ್ಟ್ ಕಂಪನಿಗಾಗಿ ರೂಪಿಸಿದ್ದ, ಮೇಲೆ ಉಬ್ಬುಗಳಿರುವ ಪ್ಲಾಸ್ಟಿಕ್ ಇಟ್ಟಿಗೆಯ ಮಾದರಿ. ಲೆಗೊ ಅದರ ಅಳತೆಯನ್ನು ಒಂಚೂರು ಬದಲಿಸಿ, ಮೂಲೆಗಳನ್ನು ನೇರ ಮಾಡಿ 1949ರಲ್ಲಿ ತನ್ನ ಮೊದಲ ಇಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಕಲ್ಪನೆ ಪೇಜ್ ಅವರದ್ದು. ಅವರು 1957ರಲ್ಲಿ ತೀರಿಕೊಂಡರು. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೊ ಕೊಂಡದ್ದು 1981ರಲ್ಲಿ, ಅಂದರೆ 32 ವರ್ಷ ತಡವಾಗಿ. ಓಲೆ ಕಿರ್ಕ್ ಬದುಕನ್ನು ಸಂತನ ಕತೆಯಾಗಿ ಹೇಳೋರು ಈ ಪುಟವನ್ನು ಬೇಗ ತಿರುಗಿಸಿಬಿಡ್ತಾರೆ. ನಾವು ತಿರುಗಿಸಬಾರದು.

ಆ ಮೊದಲ ಇಟ್ಟಿಗೆಗಳ ಒಳಗೆ ಟೊಳ್ಳು. ಎತ್ತರಕ್ಕೆ ಕಟ್ಟಿದರೆ ಜಾರಿ ಬೀಳುತ್ತಿದ್ದವು. ಮಾರಾಟವೂ ಮಂದ. 1954ರಲ್ಲಿ ಬ್ರಿಟನ್ನಿಗೆ ಹೋಗುವ ಹಡಗಿನಲ್ಲಿ ಆಟಿಕೆ ಖರೀದಿಸುವ ವರ್ತಕರೊಬ್ಬರು ಗಾಟ್‌ಫ್ರೆಡ್ ಜೊತೆ ಮಾತಾಡ್ತಾ, ಆಟಿಕೆಗಳಲ್ಲಿ ಒಂದು ವ್ಯವಸ್ಥೆಯೇ ಇಲ್ಲ ಅಂತ ಬೇಸರಪಟ್ಟರು. ಮಗನಿಗೆ ಆ ಮಾತು ನಾಟಿತು. ಎಲ್ಲ ತುಂಡೂ ಎಲ್ಲ ತುಂಡಿಗೂ ಕೂಡಬೇಕು ಅನ್ನೋ ಯೋಚನೆಯ ಮೇಲೆ 1955ರಲ್ಲಿ ಹೊಸ ಸರಣಿ ಬಂತು. 1958ರ ಜನವರಿ 28ರಂದು, ಇಟ್ಟಿಗೆಯ ಒಳಗೆ ಕೊಳವೆಗಳನ್ನಿಟ್ಟು ಹಿಡಿತ ಬಿಗಿಗೊಳಿಸುವ ವಿನ್ಯಾಸಕ್ಕೆ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದರು. ಈಗಿನ ಇಟ್ಟಿಗೆ ಅದೇ.

ಅದಾಗಿ ಆರೇ ವಾರಕ್ಕೆ, ಮಾರ್ಚ್ 11ರಂದು, ಓಲೆ ಕಿರ್ಕ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 66. ಎರಡು ವರ್ಷದ ನಂತರ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿತ್ತು. ಲೆಗೊ ಮರದ ಆಟಿಕೆಗಳನ್ನು ಕೈಬಿಟ್ಟಿತು.

ಡಬ್ಬಿ ಯಾರ ಕೈಯಲ್ಲಿ?

ಬಡಗಿ ಹೋದ ಮೇಲೆ ಇಟ್ಟಿಗೆಯ ಕತೆ ಎರಡು ದಾರಿ ಹಿಡಿಯಿತು.

ಒಂದು, ಸಂತೆಯ ದಾರಿ. 1963ರಿಂದ ಬಳಕೆಗೆ ಬಂದ ಎಬಿಎಸ್ ಪ್ಲಾಸ್ಟಿಕ್ ಸೊಟ್ಟಗಾಗೋಲ್ಲ, ಬಣ್ಣ ಬೇಗ ಬಿಡೋಲ್ಲ. ಅದಕ್ಕೂ ಮೊದಲಿನ ಸೆಲ್ಯುಲೋಸ್ ಅಸಿಟೇಟ್ ತುಂಡುಗಳು ವರ್ಷ ಕಳೆದಂತೆ ಬಾಗುತ್ತವೆ. ಅನುಭವ ಇರೋ ಸಂಗ್ರಾಹಕರು ಕೈಯಲ್ಲಿ ಹಿಡಿದೇ ಇದನ್ನ ಕಂಡುಹಿಡೀತಾರೆ. 2000ದಲ್ಲಿ ಒಬ್ಬ ಅಭಿಮಾನಿ ಶುರು ಮಾಡಿದ ಬ್ರಿಕ್‌ಲಿಂಕ್ ಅನ್ನೋ ಆನ್‌ಲೈನ್ ಪೇಟೆಯಲ್ಲಿ ಒಂದೊಂದೇ ಇಟ್ಟಿಗೆಯನ್ನೂ ಬಿಡಿಯಾಗಿ ಕೊಳ್ಳಬಹುದು. ಹೊಸ ಡಬ್ಬಿಗೆ ದುಡ್ಡಿಲ್ಲದವರಿಗೆ ಇದೊಂದು ಬಾಗಿಲು. 2019ರಲ್ಲಿ ಆ ಪೇಟೆಯನ್ನೂ ಲೆಗೊ ಕೊಂಡುಕೊಂಡಿತು.

ಇನ್ನೊಂದು, ಬೀರುವಿನ ದಾರಿ. ಕಂಪನಿ ಒಂದು ಸೆಟ್ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಅಂಗಡಿಗಳು ರಿಯಾಯಿತಿ ಕೊಡ್ತವೆ. ನಿಂತ ಮೇಲೆ ಅದೇ ಡಬ್ಬಿಗೆ ಬೆಲೆ ಏರುತ್ತೆ. 1987ರಿಂದ 2015ರವರೆಗಿನ ಸೆಟ್‌ಗಳ ಮರುಮಾರಾಟವನ್ನು ಲೆಕ್ಕ ಹಾಕಿದ ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಯನವೊಂದು, ವರ್ಷಕ್ಕೆ ಸರಾಸರಿ ಶೇ. 11ರಷ್ಟು ಲಾಭ ಇದೆ ಅಂತ ಕಂಡುಕೊಂಡಿತು. ಆದ್ದರಿಂದ ಕೆಲವರು ರಿಯಾಯಿತಿಯಲ್ಲಿ ಹತ್ತಾರು ಡಬ್ಬಿ ಎತ್ತಿಕೊಂಡು, ಸೀಲ್ ಕೂಡ ಒಡೆಯದೆ ಬೀರುವಿನಲ್ಲಿ ಬಚ್ಚಿಡ್ತಾರೆ. ಮಗುವಿನ ಕೈಗೆ ಹೋಗಬೇಕಿದ್ದ ಆಟಿಕೆ ಷೇರಿನ ಹಾಗೆ ಕಾಯುತ್ತಾ ಕೂರುತ್ತೆ.

ಕೋರ್ಟಿನ ಕತೆಯೂ ಇದೆ. ಪೇಟೆಂಟ್ ಅವಧಿ ಮುಗಿದ ಮೇಲೆ ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡು ಕಾಯಂ ತನ್ನದಾಗಿಸಿಕೊಳ್ಳಲು ಲೆಗೊ ಹೊರಟಿತು. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ ಆ ವಾದವನ್ನು ತಳ್ಳಿಹಾಕಿದವು. ಕೆಲಸ ಮಾಡುವ ಒಂದು ಆಕಾರ ಯಾರೊಬ್ಬರ ಶಾಶ್ವತ ಆಸ್ತಿಯಾಗಲಾರದು ಅನ್ನೋದು ಎರಡೂ ತೀರ್ಪುಗಳ ತಿರುಳು. ಬೇರೆಯವರ ಇಟ್ಟಿಗೆ ನೋಡಿ ಶುರುವಾದ ಕಂಪನಿಗೆ ಈ ಪಾಠವನ್ನ ಕೋರ್ಟ್ ಹೇಳಬೇಕಾಯಿತು. ಇವತ್ತು ಬೇರೆ ಕಂಪನಿಗಳ ಅಗ್ಗದ ಇಟ್ಟಿಗೆಗಳು ಲೆಗೊ ಇಟ್ಟಿಗೆಯ ಮೇಲೆ ಕಾನೂನುಬದ್ಧವಾಗಿಯೇ ಕೂರಬಹುದು.

ಹಾಗಾದರೆ ಓಲೆ ಕಿರ್ಕ್ ನಮಗೆ ಯಾಕೆ ಬೇಕು? ಅವರು ದೊಡ್ಡ ಉದ್ಯಮಿಯಾದರು ಅನ್ನೋದಕ್ಕಲ್ಲ. ಬೇಗ ಹಾಳಾಗಲಿ, ಮತ್ತೆ ಕೊಳ್ಳಲಿ ಅಂತಲೇ ವಸ್ತು ತಯಾರಿಸೋದು ವ್ಯಾಪಾರದ ಸಹಜ ನಿಯಮ ಅಂತ ನಮಗೆ ಹೇಳಿಕೊಡಲಾಗಿದೆ. ರಿಪೇರಿ ಮಾಡಲಾಗದ ಫೋನು, ಬಿಡಿಭಾಗ ಸಿಗದ ಮಿಕ್ಸಿ, ಎಲ್ಲಕ್ಕೂ ಇದೇ ಸಬೂಬು. ಸಾಲದಲ್ಲಿ ಮುಳುಗಿದ್ದ, ಮೂರನೇ ಕೋಟ್ ಬಿಟ್ಟರೆ ನಾಲ್ಕು ಕಾಸು ಉಳಿಯುತ್ತೆ ಅಂತ ಚೆನ್ನಾಗಿ ಗೊತ್ತಿದ್ದ ಬಡಗಿಯೊಬ್ಬರು ಅದನ್ನ ಬಿಡಲಿಲ್ಲ. ಅವರ ಮಗ ಹಳೆಯ ತುಂಡಿಗೆ ಹೊಸ ತುಂಡು ಕೂಡಲೇಬೇಕು ಅನ್ನೋ ನಿಯಮ ಮಾಡಿದರು. ಕಂಪನಿ ಮುಳುಗಲಿಲ್ಲ. ಅಂದಮೇಲೆ ಬಾಳಿಕೆ ಬರುವಂಥದ್ದು ಮಾಡಿದರೆ ವ್ಯಾಪಾರ ನಡೆಯೋಲ್ಲ ಅನ್ನೋರನ್ನ ನಾವು ಧೈರ್ಯವಾಗಿ ಪ್ರಶ್ನೆ ಮಾಡಬಹುದು.

ಸಂತೆಯಲ್ಲಿ ಡಬ್ಬಿ ಕೊಂಡವನು ಇಟ್ಟಿಗೆ ತೊಳೆದು ಬಿಸಿಲಿನ ಝಳ ತಾಗದ ಕಡೆ ಒಣಗಲು ಹರಡಿದ್ದಾನೆ. ಅಪರೂಪದ ನಾಲ್ಕು ತುಂಡು ತನಗೆ ಇಟ್ಟುಕೊಳ್ಳಲಿ. ಉಳಿದದ್ದು ಪಕ್ಕದ ಮನೆಯ ಮಗುವಿನ ಕೈಗೆ ಹೋದರೆ ಇನ್ನೂ ಐವತ್ತು ವರ್ಷ ಟಕ್ ಅಂತ ಕೂರುತ್ತವೆ.