ಬರಗಾಲದ ಬಂಧು ವಿಲಿಯಂ ಡಿಗ್ಬಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಗುರುವರ್ಯರನ್ನೂ ಪೂರ್ವಿಕರನ್ನೂ ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಅವರೊಡನೆ, ನಮ್ಮ ಧರ್ಮಸಭೆಗೆ ಸೇರದವರಾಗಿದ್ದರೂ ಈ ನಾಡಿನ ಹಸಿದವರಿಗಾಗಿ ದುಡಿದ ಪರದೇಶದ ಮಹನೀಯರೊಬ್ಬರನ್ನು ನೆನೆಯುವುದೂ ಉಚಿತವೇ ಸರಿ. ಅವರೇ ವಿಲಿಯಂ ಡಿಗ್ಬಿ.

1849ರಲ್ಲಿ ಇಂಗ್ಲೆಂಡಿನ ವಿಸ್‌ಬೆಕ್ ಎಂಬ ಊರಿನಲ್ಲಿ ಜನಿಸಿದ ಡಿಗ್ಬಿಯವರು ಊರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿತು, 1871ರಲ್ಲಿ ಸಿಂಹಳಕ್ಕೆ ಬಂದರು. ಬಡವರ ಅನ್ನದ ಮೇಲೆ ವಿಧಿಸಿದ್ದ ತೆರಿಗೆಯನ್ನು ಅಲ್ಲಿ ಪತ್ರಿಕೆಯ ಮೂಲಕ ವಿರೋಧಿಸಿದರು. 1877ರಲ್ಲಿ ಮದರಾಸಿಗೆ ಬಂದು ಮದ್ರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕರಾದರು.

ಆ ವೇಳೆಗೆ ದಕ್ಷಿಣ ಭಾರತವೆಲ್ಲ ಬರದ ದವಡೆಗೆ ಸಿಲುಕಿತ್ತು. ಧಾತು, ಈಶ್ವರ ಸಂವತ್ಸರಗಳ ಆ ಘೋರ ಕ್ಷಾಮದ ಹೊಡೆತ ಮೈಸೂರು ಸೀಮೆಯಲ್ಲಿ ಅಂದಿನ ಕೋಲಾರ ಜಿಲ್ಲೆಗೆ ಬಲವಾಗಿ ತಗುಲಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬದುಕು ಮಳೆಯನ್ನೂ ಕೆರೆಯನ್ನೂ ನೆಚ್ಚಿದ್ದು. ಮಳೆ ಹೋಯಿತು, ಕೆರೆ ಬತ್ತಿತು, ರಾಗಿಯ ಹೊಲ ಒಣಗಿತು. ಮದರಾಸಿನ ಬಂದರಿಗೆ ಬಂದಿಳಿದ ಧಾನ್ಯ ರೈಲಿನಲ್ಲಿ ಬೆಂಗಳೂರನ್ನು ತಲುಪುತ್ತಿತ್ತಾದರೂ ಅದರಿಂದಾಚೆಗೆ ಈ ಊರುಗಳಿಗೆ ರೈಲು ಇರಲಿಲ್ಲ. ಗೌರಿಬಿದನೂರಿಗೆ ರೈಲು ಬಂದುದು 1893ರಲ್ಲಿ, ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಎತ್ತಿನ ಗಾಡಿಯೊಂದೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಅನ್ನವಿದ್ದೂ ಹಸಿದವನ ಬಾಯಿಗೆ ಸೇರದ ದುರ್ಗತಿ ಅದು.

ಸರ್ಕಾರವು ಪರಿಹಾರ ಕಾಮಗಾರಿಗಳನ್ನೂ ಗಂಜಿಮನೆಗಳನ್ನೂ ತೆರೆದಿತ್ತು. ಆದರೆ ಮಿತವ್ಯಯದ ಹೆಸರಿನಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದರು. ಮಣ್ಣು ಹೊರುವವನ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಡಿಗ್ಬಿಯವರೂ ಅಧಿಕಾರಸ್ಥರ ಮುಲಾಜು ನೋಡದೆ ಈ ಕ್ರಮವನ್ನು ಖಂಡಿಸಿದರು.

ಖಂಡಿಸಿ ಸುಮ್ಮನಾಗುವುದು ಅವರ ಸ್ವಭಾವವಲ್ಲ. 1877ರ ಆಗಸ್ಟ್‌ನಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಸಭೆ ನಡೆದು, ಇಂಗ್ಲೆಂಡಿನ ಜನತೆಗೆ ಮೊರೆ ಹೋಯಿತು. ಲಂಡನ್ನಿನ ಮೇಯರ್ ನಿಧಿಯನ್ನು ತೆರೆದರು. ವೈಸರಾಯ್ ಲಿಟ್ಟನ್ನರಿಗೆ ಈ ಮೊರೆ ಹಿಡಿಸದಿದ್ದರೂ ಹಣ ಹರಿದು ಬಂತು. ಒಟ್ಟು ಸುಮಾರು 8,20,000 ಪೌಂಡುಗಳು ಕೂಡಿದವು. ಕಾರ್ಯಕಾರಿ ಸಮಿತಿಯ ಗೌರವ ಕಾರ್ಯದರ್ಶಿಯಾಗಿ ಡಿಗ್ಬಿಯವರು ಸುಮಾರು 120 ಸ್ಥಳೀಯ ಸಮಿತಿಗಳ ಮೂಲಕ ಇದನ್ನು ಹಂಚಿಸಿದರು. ಇಪ್ಪತ್ತೆಂಟು ವರ್ಷದ ಯುವಕನ ಹೆಗಲಿಗೆ ಎಂತಹ ಭಾರ! ಸರ್ಕಾರದ ಗಂಜಿ ತಲುಪದವರಿಗೆ ಈ ನಿಧಿ ಆಸರೆಯಾಯಿತು. ಅನಾಥ ಮಕ್ಕಳ ಪೋಷಣೆ, ಉಡಲು ಬಟ್ಟೆ, ಮುರಿದ ಮನೆಗೆ ಹೊದಿಕೆ, ರೈತನಿಗೆ ಬಿತ್ತನೆ ಬೀಜ ಹಾಗೂ ಎತ್ತು: ಹೀಗೆ ಬದುಕನ್ನು ಮರಳಿ ಕಟ್ಟಿಕೊಳ್ಳುವುದಕ್ಕೆ ಹಣ ವಿನಿಯೋಗವಾಯಿತು. ಬೇರೆ ಬೇರೆ ಸಭೆಗಳ ಮಿಷನರಿಗಳೂ ಊರಿನ ಗಣ್ಯರೂ ಅಧಿಕಾರಿಗಳೂ ಈ ಸಮಿತಿಗಳಲ್ಲಿ ಜತೆಗೂಡಿ ದುಡಿದರು.

ಆದರೂ ಸಾವನ್ನು ತಡೆಯಲಾಗಲಿಲ್ಲ. 1871ರಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ನಮ್ಮ ಮಿಷನ್ನಿನ ಗುರುಗಳು ಕ್ಷಾಮದ ಅನಾಥರನ್ನು ಸಲಹಿ, ಅವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಲುವೆಪುರ, ಮರಿಯಾಪುರ ಎಂಬ ಹೆಸರುಗಳು ಇಂದಿಗೂ ಆ ಕಣ್ಣೀರನ್ನೂ ಕರುಣೆಯನ್ನೂ ಒಟ್ಟಿಗೆ ಹೇಳುತ್ತವೆ.

1878ರಲ್ಲಿ ಡಿಗ್ಬಿಯವರಿಗೆ ಸಿ.ಐ.ಇ. ಬಿರುದು ಲಭಿಸಿತು. ಅದೇ ವರ್ಷ ಅವರು ಮದರಾಸು, ಮುಂಬಯಿ, ಮೈಸೂರುಗಳ ಕ್ಷಾಮದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಬಿರುದು ಅವರ ಬಾಯಿ ಕಟ್ಟಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೂ ಭಾರತದ ಪರವಾಗಿ ವಾದಿಸುತ್ತಲೇ ಇದ್ದರು. 1889ರಲ್ಲಿ ಕಾಂಗ್ರೆಸ್ಸಿನ ಲಂಡನ್ ಸಮಿತಿಯ ಕಾರ್ಯದರ್ಶಿಯಾದರು. ಜನರನ್ನು ಕೊಲ್ಲುವುದು ಮಳೆಯ ಅಭಾವ ಮಾತ್ರವಲ್ಲ, ಆಳುವವರು ತಂದೊಡ್ಡಿದ ಬಡತನವೂ ಹೌದೆಂದು 1901ರ ತಮ್ಮ ಗ್ರಂಥದಲ್ಲಿ ಅಂಕಿಅಂಶಗಳೊಡನೆ ಪ್ರತಿಪಾದಿಸಿದರು. 1904ರಲ್ಲಿ ಲಂಡನ್ನಿನಲ್ಲಿ ಕಾಲವಾದರು.

ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರಿಯದ ದಯಾಳುವನ್ನು ಕ್ರಿಸ್ತಪ್ರಭು ನಮಗೆ ಮಾದರಿಯಾಗಿ ತೋರಿದರು. ಅವನೂ ಪರಕೀಯನೇ. ನಮ್ಮ ನಾಲ್ಕು ತಾಲ್ಲೂಕುಗಳ ಮೇಲೆ ಬರದ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಹಸಿದವನ ಜಾತಿಮತ ಕೇಳದೆ ಅನ್ನವಿಡುವ ಮನಸ್ಸನ್ನು ಸರ್ವೇಶ್ವರನು ನಮಗೆ ಕರುಣಿಸಲಿ. ಈ ಶತಮಾನೋತ್ಸವದಂದು ಡಿಗ್ಬಿಯವರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದೇ.