ರೋಜಾದ ಖ್ವಾಜಾ: ನಡೆದ ದಾರಿಯೇ ಮದ್ರಸ

ದುಲ್‌ಕಅದ್ ತಿಂಗಳು ಬಂತೆಂದರೆ ಕಲಬುರಗಿಯ ರೋಜಾದ ದಾರಿ ಜನರಿಂದ ತುಂಬಿ ಹೋಗುತ್ತದೆ. ಹುಮನಾಬಾದ್ ಕಡೆಯವರು ಕಮಲಾಪುರದ ಮೇಲೆ ಬರುತ್ತಾರೆ, ಮಹಾರಾಷ್ಟ್ರದ ಕಡೆಯವರು ಆಳಂದದ ಮೇಲೆ. ಮುಸ್ಲಿಮರಷ್ಟೇ ಅಲ್ಲ, ಎಲ್ಲ ಜಾತಿ ಮತದವರೂ ಇರುತ್ತಾರೆ. ನಮ್ಮ ಕರಾವಳಿಯಿಂದಲೂ ಝಿಯಾರತ್‌ಗೆ ಹೋಗಿ ಬರುವ ಮನೆಗಳು ಉಂಟು. ಹೋದವರು ಗುಂಬಝ್ ನೋಡಿ, ಫಾತಿಹಾ ಓದಿ, ತಬರ್ರುಕ್ ಹಿಡಿದುಕೊಂಡು ಬರುತ್ತೇವೆ. ಆದರೆ ಅಲ್ಲಿ ಮಲಗಿರುವವರು ಯಾರು, ಎಂತಹ ದಾರಿ ನಡೆದು ಅಲ್ಲಿಗೆ ಬಂದರು ಅಂತ ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಿಯೇವು?

ಅವರ ಹೆಸರು ಸಯ್ಯಿದ್ ಮುಹಮ್ಮದ್ ಹುಸೈನಿ (ರ.ಅ). ಲೋಕ ಅವರನ್ನು ಖ್ವಾಜಾ ಬಂದೇನವಾಝ್ ಗೇಸೂದರಾಝ್ ಎಂದು ಕರೆಯುತ್ತದೆ. ಹಿಜ್ರಿ 721ರಲ್ಲಿ, ಅಂದರೆ ಕ್ರಿ.ಶ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ತಂದೆ ಸಯ್ಯಿದ್ ಯೂಸುಫ್ ಹುಸೈನಿಯವರು ಹಝ್ರತ್ ನಿಝಾಮುದ್ದೀನ್ ಔಲಿಯಾರ ಮುರೀದರು.

ಮಗುವಿಗೆ ಏಳು ವರ್ಷ ಆಗುವ ಹೊತ್ತಿಗೆ ಮನೆಯ ಮೇಲೆ ದೊಡ್ಡ ಕಷ್ಟ ಬಂತು. ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದ್‌ಗೆ ಬದಲಿಸಿದ. ಆಲಿಮರು, ಸೂಫಿಗಳು, ಅಧಿಕಾರಿಗಳು ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಸ್ಸಿಲ್ಲ, ರೈಲಿಲ್ಲ. ತಿಂಗಳುಗಟ್ಟಲೆ ನಡೆದು ಆ ಕುಟುಂಬ ದಖ್ಖನ್ ತಲುಪಿತು. ಮಗುವಿನ ಮೊದಲ ಮದ್ರಸ ಆ ದಾರಿಯೇ ಅಂತ ನಮಗೆ ಅನಿಸುತ್ತದೆ. ಹಸಿವು ಅಂದರೆ ಏನು, ಜೊತೆಯವರಿಗಾಗಿ ಕಾಯುವುದು ಅಂದರೆ ಏನು ಅಂತ ಅಲ್ಲಿ ಕಲಿಯದೆ ಬೇರೆ ದಾರಿಯಿರಲಿಲ್ಲ.

ದೌಲತಾಬಾದ್‌ಗೆ ಬಂದು ಕೆಲವೇ ವರ್ಷದಲ್ಲಿ ತಂದೆ ತೀರಿಕೊಂಡರು. ಅವರ ಖಬರ್ ಹತ್ತಿರದ ಖುಲ್ದಾಬಾದ್‌ನಲ್ಲಿದೆ. ಯತೀಮ್ ಆದ ಹುಡುಗನನ್ನು ಸಾಕಿದ್ದು ಉಮ್ಮ. 1335ರ ಸುಮಾರಿಗೆ ಆ ಉಮ್ಮ ಮಕ್ಕಳನ್ನು ಕರೆದುಕೊಂಡು ಬಂದ ದಾರಿಯಲ್ಲೇ ಮತ್ತೆ ದೆಹಲಿಗೆ ಹೊರಟರು. ಗಂಡನ ಆಸರೆಯಿಲ್ಲದ ಹೆಣ್ಣುಮಗಳು ಆ ಕಾಲದಲ್ಲಿ ಅಷ್ಟು ದೂರ ಹೋದದ್ದು ಸಣ್ಣ ಧೈರ್ಯವಲ್ಲ. ವಲಿಗಳ ಚರಿತ್ರೆ ಹೇಳುವಾಗ ಇಂತಹ ಉಮ್ಮಂದಿರನ್ನು ನಾವು ಬೇಗ ಮರೆತುಬಿಡುತ್ತೇವೆ.

ದೆಹಲಿಯಲ್ಲಿ ಹುಡುಗ ಹಝ್ರತ್ ನಸೀರುದ್ದೀನ್ ಚಿರಾಗ್ ದೆಹಲವಿಯವರ ಕೈ ಹಿಡಿದರು. ಮುರೀದ್ ಆದ ಮೇಲೆ ಇಬಾದತ್‌ನ ರುಚಿ ಎಷ್ಟು ಹತ್ತಿತೆಂದರೆ, ಕಿತಾಬು ಓದುವುದನ್ನೇ ಬಿಟ್ಟು ಪೂರ್ತಿ ಝಿಕ್ರ್‌ನಲ್ಲಿ ಕೂರುವ ಆಸೆ ಆಯಿತು. ಗುರುಗಳು ಒಪ್ಪಲಿಲ್ಲ. ಮೊದಲು ಓದು ಪೂರ್ತಿ ಮಾಡಬೇಕು ಅಂತ ತಿದ್ದಿದರು. ಅದರಂತೆ ಅವರು ಖಾಝಿ ಅಬ್ದುಲ್ ಮುಖ್ತದಿರ್ ಮುಂತಾದ ಆಲಿಮರ ಬಳಿ ದರ್ಸ್ ಮುಂದುವರಿಸಿದರು. ಇದನ್ನು ನಾವು ಒತ್ತಿ ಹೇಳಲು ಕಾರಣ ಉಂಟು. ನಮ್ಮ ಮದ್ರಸದಲ್ಲೂ ಆಗಾಗ ಒಬ್ಬೊಬ್ಬ ಹುಡುಗ ಬಂದು, ಸ್ಕೂಲ್ ಸಾಕು, ಇನ್ನು ದೀನ್ ಮಾತ್ರ ಅನ್ನುತ್ತಾನೆ. ಇನ್ನೊಬ್ಬ, ಓದು ಸಾಕು, ಗಲ್ಫ್‌ಗೆ ಹೋಗ್ತೇನೆ ಅನ್ನುತ್ತಾನೆ. ಅರ್ಧದಲ್ಲಿ ಬಿಡಬೇಡ ಅಂತ ಹೇಳುವಾಗ ನಮಗೆ ಈ ಗುರುಗಳ ನೆನಪಾಗುತ್ತದೆ.

ಗೇಸೂದರಾಝ್ ಅಂದರೆ ನೀಳಕೂದಲಿನವರು. ಈ ಹೆಸರಿನ ಬಗ್ಗೆ ತಲೆಮಾರಿನಿಂದ ಹೇಳಿಕೊಂಡು ಬಂದ ಕತೆ ಹೀಗಿದೆ. ಗುರುಗಳ ಪಲ್ಲಕ್ಕಿ ಹೊರುವವರಲ್ಲಿ ಇವರೂ ಒಬ್ಬರು. ಒಂದು ದಿನ ಭುಜ ಕೊಡುವಾಗ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಹಾಕಿಕೊಂಡಿತು. ನಿಲ್ಲಿಸಿದರೆ ಗುರುಗಳಿಗೆ ತೊಂದರೆ, ಅದಬ್‌ಗೆ ಕುಂದು. ಎಳೆತದ ನೋವು ಸಹಿಸಿಕೊಂಡೇ ಬಹುದೂರ ನಡೆದರು, ಬಾಯಿ ಬಿಡಲಿಲ್ಲ. ಆಮೇಲೆ ವಿಷಯ ತಿಳಿದ ಗುರುಗಳು ತುಂಬಾ ಸಂತೋಷಪಟ್ಟರು, ಆ ಹೆಸರು ಅಲ್ಲಿಂದ ನಿಂತಿತು. ಮುಂದೆ ಸಾವಿರಾರು ಜನರಿಗೆ ನಾಯಕರಾದವರು ಮೊದಲು ಇನ್ನೊಬ್ಬರ ಭಾರ ಹೊತ್ತು ನಡೆದವರು.

1356ರಲ್ಲಿ ಗುರುಗಳು ಪರಲೋಕ ಸೇರಿದರು. ಅಲ್ಲಿಂದ ನಲವತ್ತಕ್ಕೂ ಹೆಚ್ಚು ವರ್ಷ ಖ್ವಾಜಾರು ದೆಹಲಿಯಲ್ಲೇ ಜನರಿಗೆ ದಾರಿ ತೋರಿದರು. ಉಮ್ಮನ ಮಾತಿಗೆ ನಲವತ್ತರ ಪ್ರಾಯದಲ್ಲಿ ಮದುವೆಯಾದರು. ಸಯ್ಯಿದ್ ಅಕ್ಬರ್ ಹುಸೈನಿ, ಸಯ್ಯಿದ್ ಅಸ್ಗರ್ ಹುಸೈನಿ ಎಂಬ ಇಬ್ಬರು ಗಂಡುಮಕ್ಕಳು. ಇನ್ನು ನೆಮ್ಮದಿಯಲ್ಲಿ ಕೂರುವ ಪ್ರಾಯ ಎನ್ನುವಾಗ, 1398ರ ಡಿಸೆಂಬರ್‌ನಲ್ಲಿ ತೈಮೂರನ ಸೈನ್ಯ ದೆಹಲಿಯ ಮೇಲೆ ಬಿತ್ತು. ಖ್ವಾಜಾರು ಮನೆಮಂದಿ, ಮುರೀದರ ಜೊತೆ ಊರು ಬಿಟ್ಟರು. ಆಗ ಅವರಿಗೆ 77 ವರ್ಷ. ನಮ್ಮಲ್ಲಿ ಆ ಪ್ರಾಯದವರು ಮನೆಯಿಂದ ಮಸೀದಿಗೆ ಹೋಗುವುದಕ್ಕೂ ಮೊಮ್ಮಗನ ಕೈ ಹಿಡಿಯುತ್ತಾರೆ.

ಗ್ವಾಲಿಯರ್, ಚಂದೇರಿ, ಬರೋಡಾ, ಖಂಭಾತ್. ಒಂದೊಂದು ಊರಲ್ಲೂ ಸ್ವಲ್ಪ ದಿನ ತಂಗುವುದು, ಕೇಳಲು ಬಂದವರಿಗೆ ಕಲಿಸುವುದು, ಮತ್ತೆ ಹೊರಡುವುದು. ಎಲ್ಲ ಕಳೆದುಕೊಂಡು ಬಂದವರ ಗುಂಪನ್ನು ಒಡೆಯದಂತೆ ಕರೆದುಕೊಂಡು ಹೋದರಲ್ಲ, ಅದೇ ನಾಯಕತ್ವ. ಹಿರಿಯ ಮಗ ಅಕ್ಬರ್ ಹುಸೈನಿಯವರು ತಂದೆಯ ಮಾತುಗಳನ್ನು ಬರೆದಿಟ್ಟುಕೊಂಡರು. ಅದು ಜವಾಮಿಉಲ್ ಕಲಿಮ್ ಎಂಬ ಗ್ರಂಥವಾಗಿ ಉಳಿಯಿತು. ಪ್ರಯಾಣ ದೌಲತಾಬಾದ್‌ಗೆ ಮುಟ್ಟಿತು. ಬಾಲ್ಯದಲ್ಲಿ ಬಿಟ್ಟು ಹೋದ ತಂದೆಯ ಖಬರಿನ ಮುಂದೆ ಈಗ ಮುದುಕರಾದ ಮಗ ನಿಂತರು. ಖುಲ್ದಾಬಾದ್‌ಗೂ ಹಿಂದೆ ರೌಝಾ ಎಂದೇ ಹೆಸರು. ತಂದೆ ಒಂದು ರೌಝಾದಲ್ಲಿ, ಮಗ ಇನ್ನೊಂದು ರೋಜಾದಲ್ಲಿ.

ಬಹಮನಿ ಸುಲ್ತಾನ್ ಫಿರೋಝ್ ಶಾಹನ ಆಮಂತ್ರಣ ಬಂತು. ಆಳಂದದ ದಾರಿಯಾಗಿ 1400ರ ಸುಮಾರಿಗೆ ಖ್ವಾಜಾರು ಗುಲ್ಬರ್ಗಕ್ಕೆ ಬಂದರು. ಕೋಟೆಯ ಹತ್ತಿರವೇ ಖಾನ್‌ಖಾಹ್ ಆಯಿತು. ತಫ್ಸೀರ್, ಹದೀಸ್, ಫಿಖ್‌ಹ್ ಕಲಿಸಿದರು, ಅರಬಿ ಪಾರ್ಸಿಯಲ್ಲಿ ಗ್ರಂಥ ಬರೆದರು. ಬಡವರ ಸಾಲು ದಿನದಿನಕ್ಕೆ ಉದ್ದವಾಯಿತು.

ಆದರೆ ಅರಮನೆಯ ಪ್ರೀತಿ ಬಹಳ ದಿನ ಉಳಿಯಲಿಲ್ಲ. ಸುಲ್ತಾನ್ ದೊಡ್ಡ ವಿದ್ವಾಂಸ, ಇವರ ಓದು ಅವನ ಕಣ್ಣಿಗೆ ಅಷ್ಟಾಗಿ ಹಿಡಿಸಲಿಲ್ಲ. ಅವನ ತಮ್ಮ ಅಹ್ಮದ್ ಮಾತ್ರ ಖ್ವಾಜಾರ ಸೇವೆಯಲ್ಲೇ ಇದ್ದ. ಚರಿತ್ರೆಕಾರರು ಹೇಳುವಂತೆ, ಸುಲ್ತಾನ್ ತನ್ನ ಮಗ ಹಸನ್ ಖಾನ್‌ನನ್ನು ಉತ್ತರಾಧಿಕಾರಿ ಮಾಡಿ, ಆಶೀರ್ವಾದ ಕೊಡಿ ಅಂತ ಕೇಳಿಸಿದ. ಖ್ವಾಜಾರು ಕೊಡಲಿಲ್ಲ. ರಾಜ್ಯ ಅಹ್ಮದನ ಪಾಲಿಗೆ ಬರೆದಿದೆ ಅಂದರು. ಸ್ವಲ್ಪ ದಿನದಲ್ಲೇ, ಕೋಟೆಯ ಹತ್ತಿರ ಜನಜಂಗುಳಿ ಬೇಡ, ಜಾಗ ಬಿಡಬೇಕು ಅಂತ ಆಜ್ಞೆ ಬಂತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಅವರ ಹಿಂದೆ ಸಾವಿರಾರು ಜನ ಇದ್ದರು. ಒಂದು ಮಾತು ಹೇಳಿದ್ದರೆ ಊರು ಎದ್ದು ನಿಲ್ಲುತ್ತಿತ್ತೋ ಏನೋ. ಸುಲ್ತಾನನಿಗೆ ಬೇಕಾದ ಒಂದು ಸುಳ್ಳು ಹೇಳಿದ್ದರೂ ಜಾಗ ಉಳಿಯುತ್ತಿತ್ತು. ಅವರು ಎರಡನ್ನೂ ಮಾಡಲಿಲ್ಲ. ಸತ್ಯ ಬಿಡಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ, ಮುದಿಪ್ರಾಯದಲ್ಲಿ ಮತ್ತೊಮ್ಮೆ ಮನೆ ಖಾಲಿ ಮಾಡಿ ಎದ್ದು ನಡೆದರು. ಹೋಗಿ ಕೂತ ಜಾಗವೇ ಇವತ್ತಿನ ರೋಜಾ. ಅದಕ್ಕೂ ಮೊದಲೇ ಹಿರಿಯ ಮಗ ಅಕ್ಬರ್ ಹುಸೈನಿಯವರು ತೀರಿಕೊಂಡಿದ್ದರು. ಆ ದುಃಖದ ಮೇಲೆ ಇದು. ಸಬರ್ ಎನ್ನುವುದನ್ನು ನಾವು ಬಾಯಿಪಾಠ ಮಾಡಿಸುತ್ತೇವೆ, ಅವರು ಬದುಕಿ ತೋರಿಸಿದರು.

1422ರಲ್ಲಿ ಅಹ್ಮದ್ ಶಾಹ್ ಪಟ್ಟಕ್ಕೆ ಬಂದ. ಫಿರೋಝ್ ಶಾಹ್ ಸ್ವಲ್ಪ ದಿನದಲ್ಲೇ ತೀರಿಕೊಂಡ. ಅದೇ ವರ್ಷ ನವೆಂಬರ್ 1ರಂದು, ಹಿಜ್ರಿ 825ರ ದುಲ್‌ಕಅದ್ 16ಕ್ಕೆ ಖ್ವಾಜಾರು ಕಣ್ಣು ಮುಚ್ಚಿದರು. ಸೂರ್ಯಮಾನದಲ್ಲಿ 101 ವರ್ಷ, ಹಿಜ್ರಿ ಲೆಕ್ಕದಲ್ಲಿ 104. ಸುಲ್ತಾನ್ ತನ್ನವರಾಗಿದ್ದ ಸುಖವನ್ನು ಅವರು ಕಂಡದ್ದು ಕೆಲವೇ ವಾರ.

ರೋಜಾದಿಂದ ಸ್ವಲ್ಪ ದೂರದಲ್ಲೇ ಹಫ್ತ್ ಗುಂಬಝ್ ಉಂಟು. ಅಲ್ಲಿ ಫಿರೋಝ್ ಶಾಹನ ದೊಡ್ಡ ಗೋರಿ. ಚಂದದ ಕಟ್ಟಡ, ನೋಡಲು ಬರುವವರು ಕೆಲವರು. ಜಾಗ ಬಿಡಿ ಅಂದವನ ಹತ್ತಿರ ಮೌನ, ಜಾಗ ಬಿಟ್ಟವರ ಹತ್ತಿರ ಆರುನೂರು ವರ್ಷದಿಂದ ಜನಸಾಗರ. ಅಲ್ಲಾಹು ಇಬ್ಬರಿಗೂ ಮಗ್‌ಫಿರತ್ ಕೊಡಲಿ.

ಇನ್ನೊಮ್ಮೆ ಝಿಯಾರತ್‌ಗೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ದೂರದ ದಾರಿ, ಬಸ್ಸಿನಲ್ಲೋ ರೈಲಿನಲ್ಲೋ ಬೇಕಾದಷ್ಟು ಹೊತ್ತು ಸಿಗುತ್ತದೆ. ಫೋನ್ ಬದಿಗಿಟ್ಟು ಆ ಯತೀಮ್ ಹುಡುಗನ ಕತೆ, ಅವನ ಉಮ್ಮನ ಕತೆ, ಪಲ್ಲಕ್ಕಿಗೆ ಸಿಕ್ಕಿದ ಕೂದಲಿನ ಕತೆ ಹೇಳಿ. ಆಮೇಲೆ ಒಳಗೆ ಹೋಗಿ ಸಲಾಂ ಹೇಳಲಿ. ಆಗ ಮಕ್ಕಳಿಗೆ ತಾವು ಯಾರಿಗೆ ಸಲಾಂ ಹೇಳುತ್ತಿದ್ದೇವೆ ಅಂತ ಗೊತ್ತಿರುತ್ತದೆ.